ಹಾರ್ಲಿಕ್ಸ್ ಬಾಟಲಿಯ ಮೆಂತ್ಯ

ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತ ಕೂತಾಗ ಒಂದು ಸಂಗೀತ ಕೇಳಿಸುತ್ತದೆ ನೋಡಿ. ಕೊಳಲಿನಂಥದ್ದೇನೋ, ಹಿಂದೆ ನೀರಿನ ಜುಳುಜುಳು. ಮಾತಿಲ್ಲ, ತಾಳವಿಲ್ಲ, ಮುಗಿಯುವ ಲಕ್ಷಣವೂ ಇಲ್ಲ. ಒಳಗಿನಿಂದ ಡ್ರಿಲ್ಲಿನ ಸದ್ದು ಬಂದಾಗ ಮಾತ್ರ ಶ್ರುತಿ ಸ್ವಲ್ಪ ತಪ್ಪುತ್ತದೆ. "ಯಾರದಮ್ಮ ಇದು?" ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ಗೊತ್ತಿಲ್ಲ ಸಾರ್, ಬೆಳಿಗ್ಗೆ ಹಾಕಿದ್ರೆ ಸಂಜೆವರೆಗೂ ಬರುತ್ತೆ" ಎಂದಳು.

ಈ ಜಾತಿಯದಕ್ಕೆಲ್ಲ ನ್ಯೂ ಏಜ್ ಅಂತ ಹೆಸರು. ಇದರ ಕತೆಯಲ್ಲಿ ಒಬ್ಬ ಬಡಗಿ ಬರುತ್ತಾರೆ ಅನ್ನುವುದು ನನಗೆ ಬಲು ಇಷ್ಟ. ಕ್ಯಾಲಿಫೋರ್ನಿಯಾದ ವಿಲಿಯಂ ಆಕರ್ಮನ್ ಸ್ಟ್ಯಾನ್‌ಫರ್ಡಿನ ಓದನ್ನು ಅರ್ಧಕ್ಕೆ ಬಿಟ್ಟು ಮರಗೆಲಸಕ್ಕೆ ಇಳಿದವರು. (ನಮ್ಮನೆಯಲ್ಲಾಗಿದ್ದರೆ ದೊಡ್ಡ ರಾಮಾಯಣ!) ಬಿಡುವಿನಲ್ಲಿ ಗಿಟಾರ್ ನುಡಿಸುತ್ತಿದ್ದರು. ಕೇಳಿ ಖುಷಿಪಟ್ಟ ಗೆಳೆಯರು ತಲಾ 5 ಡಾಲರ್ ಕೊಟ್ಟರು. ಗಣೇಶನ ಚಂದಾ ಎತ್ತಿದ ಹಾಗೆ 300 ಡಾಲರ್ ಸೇರಿತು. 1976ರಲ್ಲಿ ಅವರ ಎಲ್‌ಪಿ ರೆಕಾರ್ಡು ಹೊರಬಂತು. ಆಕರ್ಮನ್ ಮತ್ತು ಆನ್ ರಾಬಿನ್ಸನ್ ಕೂಡಿ ಕಟ್ಟಿದ ಕಂಪನಿಗೆ ವಿಂಡಮ್ ಹಿಲ್ ಅಂತ ಹೆಸರಿಟ್ಟರು. ಆಕರ್ಮನ್ ನಡೆಸುತ್ತಿದ್ದ, ಮನೆ ಕಟ್ಟಿಕೊಡುವ ವ್ಯವಹಾರದ ಹೆಸರೂ ಅದೇ.

ರೆಕಾರ್ಡ್ ಅಂಗಡಿಯವರಿಗೆ ಇಂಥ ಸಂಗೀತ ಒಂದು ತಲೆನೋವು. ಜಾಝ್ ಅಲ್ಲ, ಕ್ಲಾಸಿಕಲ್ ಅಲ್ಲ, ರಾಕ್ ಅಂತೂ ಅಲ್ಲವೇ ಅಲ್ಲ. ಯಾವ ಕಪಾಟಿನಲ್ಲಿಡುವುದು? ಹೀಗಾಗಿ ಇಂಥ ಕ್ಯಾಸೆಟ್ಟುಗಳು ಪುಸ್ತಕದಂಗಡಿಗೆ, ಜೇನುತುಪ್ಪ ಕಾಳುಕಡಿ ಮಾರುವ ಅಂಗಡಿಗೆ ಹೋಗಿ ಕೂತವು. ಅಲ್ಲಿಗೆ ಬರುತ್ತಿದ್ದವರೋ ಯೋಗ, ಧ್ಯಾನ ಅನ್ನುವ ಜನ. ಸಿಕ್ಕಿತಲ್ಲ ಗಿರಾಕಿ! ವಿಂಡಮ್ ಹಿಲ್‌ನವರ ರೆಕಾರ್ಡಿನ ಹೊದಿಕೆಯೂ ಹಾಗೇ ಶಾಂತ, ಬಿಳಿ ಬಯಲಿನ ನಡುವೆ ಅಚ್ಚುಕಟ್ಟಾದ ಒಂದು ಫೋಟೊ. ಜನ ನುಡಿಸಿದವರು ಯಾರೆಂದು ನೋಡದೆ ಕಂಪನಿ ನೋಡಿಯೇ ಕೊಳ್ಳತೊಡಗಿದರು, ನಾವು ಕಾಫಿಪುಡಿ ತಂದ ಹಾಗೆ. ಅದೇ ಕಂಪನಿಯಿಂದ ಬಂದ ಜಾರ್ಜ್ ವಿನ್‌ಸ್ಟನ್ ಅವರ 1982ರ 'ಡಿಸೆಂಬರ್' ಅನ್ನುವ ಆಲ್ಬಮ್‌ನಲ್ಲಿ ಇರುವುದು ಬರೀ ಪಿಯಾನೊ. ಅಮೆರಿಕದಲ್ಲೇ ಅದರ 30 ಲಕ್ಷ ಪ್ರತಿ ಹೋಯಿತು.

ಆದರೆ ವಿನ್‌ಸ್ಟನ್‌ಗೆ ಈ ನ್ಯೂ ಏಜ್ ಅನ್ನುವ ಮಾತೇ ಆಗುತ್ತಿರಲಿಲ್ಲ. ನನ್ನದು ಜಾನಪದ ಪಿಯಾನೊ ಅನ್ನುತ್ತಿದ್ದರು. ನನಗೆ ನಮ್ಮ ಅಡುಗೆಮನೆ ನೆನಪಾಗುತ್ತದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ ಇರುತ್ತದಲ್ವಾ? ಒಳಗೆ ಕೂತು ಮೆಂತ್ಯ ಎಷ್ಟೇ ಬಡಕೊಂಡರೂ ಹೊರಗಿನ ಚೀಟಿ ಹಾರ್ಲಿಕ್ಸೇ. 1987ರಲ್ಲಿ ಗ್ರ್ಯಾಮಿಯವರು ನ್ಯೂ ಏಜ್‌ಗೆ ಅಂತಲೇ ಬೇರೆ ಪ್ರಶಸ್ತಿ ಇಟ್ಟು ಆ ಚೀಟಿಗೆ ಇನ್ನಷ್ಟು ಗೋಂದು ಹಚ್ಚಿದರು. ಮಜಾ ಏನೆಂದರೆ, ಮುಂದೆ ವಿನ್‌ಸ್ಟನ್‌ಗೂ ಆ ಪ್ರಶಸ್ತಿಯೇ ಬಂತು. ನಮ್ಮ ಬಡಗಿಗೂ ಬಂತು. 2015ರಲ್ಲಿ ಬೆಂಗಳೂರಿನ ರಿಕಿ ಕೇಜ್, ದಕ್ಷಿಣ ಆಫ್ರಿಕಾದ ಕೊಳಲುಗಾರ ವೌಟರ್ ಕೆಲ್ಲರ್‌ಮನ್ ಜೊತೆ ಮಾಡಿದ 'ವಿಂಡ್ಸ್ ಆಫ್ ಸಂಸಾರ'ಕ್ಕೂ ಅದೇ. ಆಗ ನಾವೆಲ್ಲ ಎದೆಯುಬ್ಬಿಸಿ ಓಡಾಡಿದ್ದೇ ಓಡಾಡಿದ್ದು. ನ್ಯೂ ಏಜ್ ಅಂದರೇನು ಅಂತ ಯಾರಾದರೂ ಕೇಳಿದ್ದರೆ ಮಾತ್ರ ಕಷ್ಟವಿತ್ತು.

ಹಲ್ಲು ಕೀಳಿಸಿ ಮನೆಗೆ ಬಂದೆ. ಆ ಸಂಗೀತವನ್ನು ಗುನುಗಿ ನೋಡೋಣ ಎಂದರೆ ಬಾಯಿ ಒಂದು ಕಡೆ ಮರಗಟ್ಟಿತ್ತು. ಅದಿರಲಿ, ಗುನುಗಲು ಅದರಲ್ಲಿ ಏನೂ ಸಿಗಲೇ ಇಲ್ಲ. ಕೊನೆಗೆ ಸುಮ್ನೆ ಆ ಜುಳುಜುಳು ಒಂದನ್ನು ಮಾಡಿದೆ. ಒಳಗಿನಿಂದ ಹೆಂಡತಿ ಕೂಗಿದಳು: "ರೀ, ನಲ್ಲಿ ಸರಿಯಾಗಿ ನಿಲ್ಲಿಸಿ!"