ಗ್ಯಾಸ್ ಮಾತ್ರೆ ಮತ್ತು ಮೂತ್ರಪಿಂಡ: ಒಂದು ಸ್ಪಷ್ಟನೆ

ಹೊಟ್ಟೆಯ ಆಮ್ಲ ತಗ್ಗಿಸಲು ಬೆಳಿಗ್ಗೆ ತಿಂಡಿಗೆ ಮುಂಚೆ ನುಂಗುವ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ‘ಗ್ಯಾಸ್ ಮಾತ್ರೆ’ಗಳು ಎಲ್ಲರ ಕಿಡ್ನಿಯನ್ನೂ ಹಾಳುಗೆಡವುತ್ತವೆ ಎಂಬ ವಾಟ್ಸ್‌ಆ್ಯಪ್ ಸಂದೇಶದಲ್ಲಿ ನಿಜದ ಎಳೆಯೊಂದಿದೆ, ಆದರೆ ಹೇಳಿಕೆ ಅತಿಯಾಯಿತು.

ಈ ಔಷಧಿಗಳಿಂದ ಅಪರೂಪಕ್ಕೆ ಮೂತ್ರಪಿಂಡದ ಅಂಗಾಂಶದಲ್ಲಿ ಅಲರ್ಜಿಯ ಬಗೆಯ ಉರಿಯೂತ ಉಂಟಾಗುವುದು ನಿಜ. ಜ್ವರವಾಗಲಿ ಮೈಮೇಲೆ ದದ್ದಾಗಲಿ ಕಾಣಿಸದೆ, ಬರೀ ಸುಸ್ತು ಮತ್ತು ರಕ್ತಪರೀಕ್ಷೆಯ ವರದಿಯಲ್ಲಿ ಏರಿದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯ) ಅಂಕಿಯಷ್ಟೇ ಸುಳಿವಾಗಿ, ಅದು ತಡವಾಗಿ ಪತ್ತೆಯಾಗುವುದೂ ಉಂಟು.

ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯ ಮಾತು ಬೇರೆ. 2016ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ಮಾತ್ರೆ ಬಳಸುವವರಲ್ಲಿ ಆ ಕಾಯಿಲೆ ಹೆಚ್ಚೆಂದು ಗುರುತಿಸಿತ್ತೇ ಹೊರತು ಮಾತ್ರೆಯೇ ಕಾರಣವೆಂದು ಸಾಬೀತುಪಡಿಸಿರಲಿಲ್ಲ. ಸುಮಾರು 17,600 ಮಂದಿಗೆ ಪ್ಯಾಂಟೊಪ್ರಜೋಲ್ ಅಥವಾ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ಮೂರು ವರ್ಷ ಗಮನಿಸಿ, 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ವಿಷಯದಲ್ಲಿ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ (ಮೂರು ವರ್ಷ ಚಿಕ್ಕ ಅವಧಿ ಎಂಬ ಆಕ್ಷೇಪ ಒಪ್ಪತಕ್ಕದ್ದೇ).

ಸಂದೇಶಕ್ಕೆ ಹೆದರಿ ಏಕಾಏಕಿ ನಿಲ್ಲಿಸಿದರೆ ಕೆಲಕಾಲ ಆಮ್ಲ ಮೊದಲಿಗಿಂತ ಹೆಚ್ಚು ಸ್ರವಿಸಿ ಎದೆಯುರಿ ಮರಳಬಹುದು. ಆಸ್ಪಿರಿನ್ ಸೇವಿಸುವವರಿಗೆ ಜಠರದ ರಕ್ತಸ್ರಾವ ತಡೆಯಲೆಂದು ಕೊಟ್ಟಿದ್ದರೆ ಅಪಾಯ ಇನ್ನೂ ದೊಡ್ಡದು. ಕೆಲವೇ ವಾರಗಳಿಗೆಂದು ಬರೆದ ಚೀಟಿಯನ್ನೇ ತೋರಿಸಿ ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ತರುತ್ತಿರುವವರು ಮಾತ್ರ ವೈದ್ಯರನ್ನು ಕಂಡು, ಮಾತ್ರೆ ಇನ್ನೂ ಬೇಕೇ ಎಂದು ಕೇಳುವುದು ಒಳಿತು.