ಕಣ್ಣು ಹೊಡೆಯುವ ಮೀಟರು

ನಮ್ಮ ಮನೆ ಮಹಡಿಯಲ್ಲಿ ಯಾರೂ ಇಲ್ಲ. ಮೈಸೂರಿನ ಕುವೆಂಪುನಗರದಲ್ಲಿ ಕೆಳಗೆ ನಾವಿದ್ದೇವೆ. ಮೇಲೆ ಒಂದು ಪುಟ್ಟ ಮನೆ ಕಟ್ಟಿಸಿ, ‘ಬಾಡಿಗೆಗೆ ಇದೆ’ ಅಂತ ಬೋರ್ಡ್ ನೇತುಹಾಕಿದ್ದೆವು. ಬೋರ್ಡ್ ನೋಡಿ ಬಂದವರೆಲ್ಲ ಅಡ್ವಾನ್ಸ್ ಎಷ್ಟು ಅಂತ ಕೇಳಿ, ನೀರು ಕುಡಿದು ಹೊರಟುಹೋದರು. ಆ ಯಾರೂ ಇಲ್ಲದ ಮನೆ ಮೊದಲ ತಿಂಗಳು 87 ಯೂನಿಟ್ ಕರೆಂಟ್ ಉರಿಸಿತು.

“ಮನೆ ಖಾಲಿ ಇದೆ ಸಾರ್. ಫ್ರಿಜ್ಜಿಲ್ಲ, ಟಿವಿ ಇಲ್ಲ, ಒಂದು ಬಲ್ಬೂ ಹಾಕಿಲ್ಲ. ಕರೆಂಟ್ ಕಟ್ ಮಾಡೋ ಎಂಸಿಬಿ ಸ್ವಿಚ್ ಕೂಡ ಇಳಿಸಿದ್ದೀನಿ,” ಅಂದೆ ಕರೆಂಟ್ ಆಫೀಸಿನಲ್ಲಿ.

“ಅದು ಸ್ಮಾರ್ಟ್ ಮೀಟರ್ ಸಾರ್. ತಪ್ಪು ಮಾಡಲ್ಲ.”

ಅಲ್ಲಿಗೆ ತಪ್ಪು ಮಾಡಬಲ್ಲವರ ಪಟ್ಟಿಯಲ್ಲಿ ನಾನೊಬ್ಬನೇ ಉಳಿದೆ.

ಈ ಮೀಟರ್ ನಮಗೆ ಬೇಕು ಅಂತ ಯಾರೂ ಹಟ ಮಾಡಿರಲಿಲ್ಲ. ಹೊಸ ಕನೆಕ್ಷನ್ ಅಂದರೆ ಸ್ಮಾರ್ಟ್ ಮೀಟರೇ ಆಗಬೇಕು ಅಂದರು, ಹಾಕಿಸಿಕೊಂಡೆವು. ಹಳೇ ಥರದ್ದು ಸಾವಿರ ರೂಪಾಯಿ ಒಳಗೆ ಸಿಕ್ಕುತ್ತಿತ್ತು. ಇದಕ್ಕೆ ಸುಮಾರು 5 ಸಾವಿರ. 2025ರಲ್ಲಿ ಈ ರೇಟಿನ ಬಗ್ಗೆ ರಾಜ್ಯದಲ್ಲಿ ದೊಡ್ಡ ಗಲಾಟೆಯೇ ಆಯಿತು, ನೆನಪಿರಬೇಕು. ನಾನು ಸುಮ್ನೆ ಕೊಟ್ಟೆ. ಮಗನಿಗೆ ಟ್ಯೂಷನ್ ಫೀ ಕಟ್ಟುವಾಗಲೂ ಹೀಗೇ ಅಲ್ವಾ, ಜಾಣತನಕ್ಕೆ ಯಾರು ಚೌಕಾಸಿ ಮಾಡ್ತಾರೆ?

ಹಾಕುವಾಗ ಹೇಳಿದ್ದು ಇಷ್ಟು: ಇದು ತಾನೇ ರೀಡಿಂಗ್ ಕಳಿಸುತ್ತೆ, ಇನ್ನು ಮೇಲೆ ಯಾರೂ ಮನೆ ಬಾಗಿಲಿಗೆ ಬರಲ್ಲ. ತಿಂಗಳ ಕೊನೆಗೆ ಮಾಮೂಲಿ ಹುಡುಗ ಗೇಟಿನ ಹತ್ತಿರ ನಿಂತಿದ್ದ. ನೆಟ್‌ವರ್ಕ್ ಸಿಕ್ಕುತ್ತಿಲ್ಲವಂತೆ. ಮೀಟರ್ ಮುಂದೆ ಬಗ್ಗಿ, ತನ್ನ ಸ್ಮಾರ್ಟ್‌ಫೋನಿನಲ್ಲಿ ಸ್ಮಾರ್ಟ್ ಮೀಟರಿನ ಫೋಟೋ ತೆಗೆದ.

“ಇಬ್ಬರಲ್ಲಿ ಸ್ಮಾರ್ಟ್ ಯಾರಪ್ಪಾ?” ಅಂದೆ.

“ಸದ್ಯಕ್ಕೆ ನಾನೇ ಸಾರ್.”

ಇದು ನಮ್ಮೂರಿಗೆ ಮಾತ್ರ ಬಂದ ಭಾಗ್ಯ ಅಂದುಕೊಳ್ಳಬೇಡಿ. ಕೆನಡಾದ ಒಂಟಾರಿಯೋದಲ್ಲಿ 2016ರಲ್ಲಿ ಹಳ್ಳಿ ಕಡೆಯ ಸುಮಾರು 36 ಸಾವಿರ ಸ್ಮಾರ್ಟ್ ಮೀಟರ್‌ಗಳ ಸಿಗ್ನಲ್ ಸರಿಯಾಗಿ ಸಿಕ್ಕದೆ, ಮತ್ತೆ ಮನುಷ್ಯರನ್ನೇ ಓದಲು ಕಳಿಸುವ ತೀರ್ಮಾನವಾಯಿತು. ಮೈಸೂರಿಗೂ ಈ ಜಾಣತನ ಹೊಸದಲ್ಲ. ದೇಶದಲ್ಲಿ ಸ್ಮಾರ್ಟ್ ಗ್ರಿಡ್, ಅಂದರೆ ಕರೆಂಟ್ ಜಾಲವನ್ನೇ ಜಾಣ ಮಾಡುವ ಪ್ರಯೋಗಕ್ಕೆ ಆರಿಸಿದ 14 ಜಾಗಗಳಲ್ಲಿ ನಮ್ಮೂರೂ ಒಂದಾಗಿತ್ತು. ಹತ್ತು ವರ್ಷದ ಹಿಂದೆಯೇ ಊರಿನ ಒಂದು ಭಾಗದ ಸುಮಾರು 21 ಸಾವಿರ ಗ್ರಾಹಕರು ಆ ಪ್ರಯೋಗದೊಳಗಿದ್ದರು. ಪ್ರಯೋಗ ಮುಗಿಯಿತೋ, ಇಲ್ಲಾ ಮಿಕ್ಕವರೂ ಅದರೊಳಗೆ ಬಂದೆವೋ, ಬಿಲ್ಲು ನೋಡಿದರೆ ಎರಡನೆಯದೇ ಸರಿ ಅನ್ನಿಸುತ್ತದೆ.

ಇಡೀ ದೇಶದ ಲೆಕ್ಕ ಇನ್ನೂ ಚೆಂದ. 2021ರಲ್ಲಿ ಕೇಂದ್ರ ಸರ್ಕಾರ 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವುದಾಗಿ ಹೊರಟಿತು. 2025ರ ಮಾರ್ಚ್ ಗಡುವು. ಮಾರ್ಚ್ ಬಂತು, ಹೋಯಿತು, ಗಡುವು ಮುಂದಕ್ಕೆ ಹೋಯಿತು. ಮೀಟರ್ ಹಾಕುವವರು ತಡಮಾಡಿದರೆ ಗಡುವು ಸರಿಯುತ್ತದೆ. ನಾವು ರೀಚಾರ್ಜ್ ಮಾಡುವುದು ತಡವಾದರೆ ಫ್ಯಾನು ನಿಲ್ಲುತ್ತದೆ.

ನಿಲ್ಲಿಸುವ ವಿಷಯದಲ್ಲಿ ಮಾತ್ರ ಈ ಮೀಟರ್‌ಗೆ ಸಾಟಿಯಿಲ್ಲ ಬಿಡಿ. ಮೊದಲೆಲ್ಲ ಫ್ಯೂಸ್ ಕೀಳಲು ಲೈನ್‌ಮ್ಯಾನ್ ಬರಬೇಕಿತ್ತು. ಬಂದವನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು, “ಸೋಮವಾರ ಕಟ್ಟಿಬಿಡ್ತೀವಪ್ಪಾ,” ಅಂದರೆ ಅವನೂ ತಲೆಯಾಡಿಸಿ ಹೋಗುತ್ತಿದ್ದ. ಈಗ ಎಲ್ಲೋ ಒಂದು ಕಂಪ್ಯೂಟರ್ ಆಜ್ಞೆ ಮಾಡಿದರೆ ಸಾಕು. ಅದು ಮಜ್ಜಿಗೆ ಕುಡಿಯಲ್ಲ. 2020ರ ಆಗಸ್ಟ್ 12ರಂದು ಉತ್ತರ ಪ್ರದೇಶದಲ್ಲಿ ಹೀಗೇ ಒಂದು ತಪ್ಪು ಆಜ್ಞೆ ಹೊರಟು, ಒಂದೂವರೆ ಲಕ್ಷಕ್ಕೂ ಜಾಸ್ತಿ ಗ್ರಾಹಕರ ಕರೆಂಟ್ ಹೋಯಿತು. ಬಿಲ್ ಕಟ್ಟಿದವರದ್ದೂ ಹೋಯಿತು. ಅವತ್ತು ಕೃಷ್ಣ ಜನ್ಮಾಷ್ಟಮಿ. ಸೆರೆಮನೆಯಲ್ಲಿ ಕತ್ತಲಲ್ಲಿ ಹುಟ್ಟಿದ ದೇವರ ಹಬ್ಬ. ವಾತಾವರಣಕ್ಕೆ ಕೊರತೆಯಾಗಲಿಲ್ಲ.

ಎರಡನೇ ತಿಂಗಳು ಖಾಲಿ ಮನೆ 91 ಯೂನಿಟ್ ಉರಿಸಿತು. ನನಗೆ ನಿದ್ದೆ ಹೋಯಿತು. ರಾತ್ರಿ ಕೂತು ಹುಡುಕಿದಾಗ ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಸಿಕ್ಕಿತು. 9 ಎಲೆಕ್ಟ್ರಾನಿಕ್ ಮೀಟರ್‌ಗಳಿಗೆ ಡಿಮ್ಮರ್, ಎಲ್‌ಇಡಿ ಬಲ್ಬ್ ಜೋಡಿಸಿ ನೋಡಿದರಂತೆ. 5 ಮೀಟರ್‌ಗಳು ಇರುವುದಕ್ಕಿಂತ ಜಾಸ್ತಿ ತೋರಿಸಿದವು. ಅದರಲ್ಲೊಂದು 582 ಪರ್ಸೆಂಟ್ ಜಾಸ್ತಿ! ಎರಡು ಮಾತ್ರ 30 ಪರ್ಸೆಂಟ್ ಕಡಿಮೆ ತೋರಿಸಿದವು. ಆ ಎರಡು ಎಲ್ಲಿ ಸಿಕ್ಕುತ್ತವೆ ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ. ಆದರೆ ಈ ವಾದ ನನ್ನ ಕೇಸಿಗೆ ಒದಗಲಿಲ್ಲ. ನಮ್ಮನೆಯಲ್ಲಿ ಡಿಮ್ಮರ್ ಇಲ್ಲ. ಸಂಜೆ ಏಳಕ್ಕೆ ವೋಲ್ಟೇಜ್ ಇಳಿದು ಬಲ್ಬುಗಳು ತಾವಾಗಿಯೇ ಡಿಮ್ ಆಗುತ್ತವೆ, ಅದಕ್ಕೆ ಬೇರೆ ಯಂತ್ರ ಯಾಕೆ?

ಗೆಳೆಯನೊಬ್ಬ ಕಾನೂನು ಹೇಳಿಕೊಟ್ಟ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ, ಮೀಟರ್ ಮೇಲೆ ಅನುಮಾನ ಇದೆ ಅಂತ ದೂರು ಕೊಟ್ಟರೆ 5 ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಬೇಕು. ಕನಿಷ್ಠ 3 ತಿಂಗಳು ಎರಡನ್ನೂ ತಾಳೆ ನೋಡಬೇಕು. ಓದಿ ಕಣ್ಣು ತುಂಬಿಬಂತು. ಅರ್ಜಿ ಕೊಟ್ಟೆ. ಇಪ್ಪತ್ತೆರಡನೇ ದಿನಕ್ಕೆ ಹೊಸ ಮೀಟರ್ ಬಂತು. ಈಗ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಮೂರು ಮೀಟರ್. ಕೆಳಮನೆಯ ಹಳೇದು, ಮೇಲಿನ ಮನೆಯ ಜಾಣ, ಆ ಜಾಣನನ್ನು ಕಾಯುವ ಇನ್ನೊಬ್ಬ ಜಾಣ. ಕಾಯಲು ಒಳಗೆ ಒಂದು ಚಾಪೆಯೂ ಇಲ್ಲದ ಮನೆ.

ಮೊದಲ ತಿಂಗಳ ತಾಳೆ ಬಂತು. ಕಾವಲಿನ ಜಾಣ ಮೊದಲ ಜಾಣನ ಜೊತೆ ಒಂದು ಯೂನಿಟ್ಟೂ ಹೆಚ್ಚುಕಮ್ಮಿ ಇಲ್ಲದೆ ಒಪ್ಪಿಬಿಟ್ಟಿದ್ದ. “ನೋಡಿ ಸಾರ್, ನಾವು ಹೇಳಲಿಲ್ವಾ?” ಅಂದರು ಆಫೀಸಿನವರು. ಸಾಕ್ಷಿ ಹೇಳಲು ಕರೆಸಿದವನು ಎದುರು ಪಾರ್ಟಿಯ ಷಡ್ಡಕ ಅಂತ ಕೋರ್ಟಿನಲ್ಲಿ ಗೊತ್ತಾದರೆ ಹೇಗಾಗುತ್ತೆ, ಹಾಗಾಯಿತು.

ಆ ಹೊತ್ತಿಗೆ ಮಳವಳ್ಳಿ ಕಡೆಯಿಂದ ನಮ್ಮ ಚಿಕ್ಕಪ್ಪ ಕಣ್ಣಿನ ಪೊರೆ ತೆಗೆಸಲು ಬಂದರು. ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿದ್ದರು. ಟಿವಿ ನೋಡಬಾರದು, ಬಗ್ಗಬಾರದು, ಬಿಸಿಲಿಗೆ ಹೋಗಬಾರದು ಅಂತ ಡಾಕ್ಟರು ಹೇಳಿದ್ದರು. ಪಾಪ, ಹೊಸ ಕಣ್ಣು ಬಂದಿದೆ, ನೋಡಲು ಏನೂ ಇಲ್ಲ. ಮೆಟ್ಟಿಲ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಮೀಟರ್ ನೋಡುತ್ತಾ ಕೂತರು.

ಕರೆಂಟಿನ ಬಗ್ಗೆ ಚಿಕ್ಕಪ್ಪನಿಗೆ ಹುಟ್ಟಿನಿಂದಲೇ ಒಂದು ಯಜಮಾನಿಕೆ. ಶಿವನಸಮುದ್ರ ಇರುವುದು ಅವರ ತಾಲ್ಲೂಕಿನಲ್ಲಿ. 1902ರಲ್ಲಿ ಅಲ್ಲಿ ಕರೆಂಟ್ ಹುಟ್ಟಿ, ಸುಮಾರು 147 ಕಿಲೋಮೀಟರ್ ದಾಟಿ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿಗೆ 1905, ಮೈಸೂರಿಗೆ 1908. “ನಮ್ಮೂರ್ ಹೊಳೆ ನೀರು ಬಿದ್ದು ನಿಮ್ಗೆಲ್ಲ ದೀಪ ಹತ್ತುದ್ದು ಕನ್ಲಾ. ಆವಾಗ ನಮ್ಮಟ್ಟೀಲಿ ಬುಡ್ಡಿ ದೀಪ,” ಅನ್ನುತ್ತಾರೆ. ಈಗಲೂ ಅವರ ಬಾಯಲ್ಲಿ ಅದು ಕೆಇಬಿಯೇ. ಮಂಡಳಿ ಹೋಗಿ ಕಾಲು ಶತಮಾನ ಕಳೆದಿದೆ ಅಂದರೆ, “ಹೋದ್ರೆ ಬಿಲ್ ಯಾಕ್ ಬತ್ತದೆ?” ಅಂತ ಕೇಳುತ್ತಾರೆ.

ಮೂರನೇ ದಿನ ಬೆಳಗ್ಗೆ ಕೂಗಿದರು.

“ಲೋ ಮಗಾ, ಬಾ ಇಲ್ಲಿ. ನಿನ್ ಎಂಡ್ರು ಸ್ನಾನುಕ್ ಹೋದ್ಲೇನೋ?”

“ಯಾಕ್ ಚಿಕ್ಕಪ್ಪ?”

“ಹೋದ್ಲೋ ಇಲ್ವೋ ಹೇಳ್ಲಾ.”

“ಗೀಜರ್ ಈಗ ತಾನೇ ಹಾಕಿದ್ಲು.”

“ಅದೇ ಕನ್ಲಾ! ಗೀಜರ್ ಹಾಕೋದು ಕೆಳಗೆ, ಮ್ಯಾಲ್ಮನೆ ಮೀಟ್ರು ಕಣ್ಣು ಹೊಡಿತದೆ. ನಿನ್ನೇನೂ ಇಂಗೇ ಆಯ್ತು, ಮೊನ್ನೇನೂ.”

ಬಗ್ಗಿ ನೋಡಿದೆ. ಮೀಟರಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಇರುತ್ತದಲ್ಲ, ನಮ್ಮದರಲ್ಲಿ ಅದು 3200 ಸಲ ಮಿನುಗಿದರೆ ಒಂದು ಯೂನಿಟ್. ಅದು ಸೆಕೆಂಡಿಗೆ ಒಂದು ಸಲದ ಹತ್ತಿರ ಮಿನುಗುತ್ತಿತ್ತು. ಪಕ್ಕದ ಷಡ್ಡಕನೂ ಅದೇ ತಾಳ. ಬಚ್ಚಲಿನ ಬಾಗಿಲು ತಟ್ಟಿ ಗೀಜರ್ ಆಫ್ ಮಾಡಿಸಿದೆ. ಎರಡೂ ಕೆಂಪು ದೀಪ ತೂಕಡಿಸಿದವು. ಆನ್ ಮಾಡಿಸಿದೆ. ಎದ್ದು ಕೂತವು. ಐದು ಸಲ ಹೀಗೆ ಮಾಡಿಸಿದ ಮೇಲೆ ಬಚ್ಚಲಿನೊಳಗಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಹಳೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಮೆಟ್ಟಿಲಿನ ಲೈಟಿನ ಬಾಕ್ಸ್ ಬಿಚ್ಚಿದರು. ಕೆಳಮನೆಯ ನ್ಯೂಟ್ರಲ್ ವೈರು, ಮೇಲ್ಮನೆಯ ನ್ಯೂಟ್ರಲ್ ವೈರು, ಎರಡನ್ನೂ ಸೇರಿಸಿ ಹೊಸೆದು ಟೇಪ್ ಸುತ್ತಿತ್ತು. ಮನೆ ಕಟ್ಟುವಾಗ ವೈರಿಂಗ್ ಹುಡುಗರು ಮಾಡಿದ ಕೆಲಸ.

ಅವರು ವಿವರಿಸಿದ್ದು ಇಷ್ಟು. ಕರೆಂಟ್ ಫೇಸ್ ವೈರಿನಲ್ಲಿ ಬರುತ್ತದೆ, ನ್ಯೂಟ್ರಲ್‌ನಲ್ಲಿ ವಾಪಸ್ ಹೋಗುತ್ತದೆ. ಹಿಂದೆ ಕೆಲವರು ಎರಡು ವೈರನ್ನೂ ಅದಲುಬದಲು ಮಾಡಿ, ನ್ಯೂಟ್ರಲ್ ಬದಲು ಅರ್ಥಿಂಗ್‌ಗೆ ಕೊಟ್ಟು ಮೀಟರಿಗೆ ಟೋಪಿ ಹಾಕುತ್ತಿದ್ದರು. ಅದಕ್ಕೆ ಈಗಿನ ಮೀಟರ್ ಎರಡೂ ವೈರನ್ನು ಅಳೆಯುತ್ತದೆ. ಯಾವುದರಲ್ಲಿ ಜಾಸ್ತಿ ಇದೆಯೋ ಅದಕ್ಕೆ ಬಿಲ್ ಹಾಕುತ್ತದೆ. ನಮ್ಮ ಗೀಜರಿನ ಕರೆಂಟು ವಾಪಸ್ ಹೋಗುವಾಗ ಅರ್ಧ ಮೇಲ್ಮನೆಯ ದಾರಿ ಹಿಡಿಯುತ್ತಿತ್ತು. ಎಂಸಿಬಿ ಇಳಿಸಿದರೆ ಫೇಸ್ ಮಾತ್ರ ಕಟ್ಟಾಗುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ. ಮೀಟರ್ ಅದನ್ನು ನೋಡಿ, ಇವನ್ಯಾರೋ ಕಳ್ಳ ಅಂದುಕೊಂಡಿತು. ಈ ಅನುಮಾನ ಬರೀ ಸ್ಮಾರ್ಟ್ ಮೀಟರಿನದ್ದಲ್ಲ, ಮಾಮೂಲಿ ಎಲೆಕ್ಟ್ರಾನಿಕ್ ಮೀಟರಿಗೂ ಇದೆಯಂತೆ. ಆದರೆ ಅದಕ್ಕೆ ಯಾರೂ ಜಾಣ ಅಂತ ಹೆಸರಿಟ್ಟು 5 ಸಾವಿರ ಕೇಳಿರಲಿಲ್ಲ. ಮನೆಯಲ್ಲಿ ಫೇಸ್ ಒಂದಿಷ್ಟೂ ಬಳಕೆಯಾಗಿಲ್ಲ, ನ್ಯೂಟ್ರಲ್ ಮಾತ್ರ ಓಡುತ್ತಿದೆ, ಎಲ್ಲೋ ವೈರು ಅಡ್ಡಾದಿಡ್ಡಿ ಆಗಿದೆ ಅಂತ ಒಂದು ಮೆಸೇಜ್ ಹಾಕಬಹುದಿತ್ತು. ಅರ್ಧ ಗಂಟೆಗೊಮ್ಮೆ ಲೆಕ್ಕ ಬರೆದಿಡುತ್ತದೆ, ನಾವು ಎಷ್ಟೊತ್ತಿಗೆ ಏಳುತ್ತೇವೆ ಅಂತ ಅದಕ್ಕೆ ಗೊತ್ತು. (ಎದುರುಮನೆ ಅಜ್ಜಿಗೂ ಗೊತ್ತು. ಅವರು ಅದಕ್ಕೆ ಕಾಸು ಕೇಳಿಲ್ಲ.)

ಇದರಲ್ಲಿ ನಿಜವಾದ ಚೆಂದ ಏನು ಗೊತ್ತಾ? ಕೆಳಮನೆಗೆ ಗೃಹಜ್ಯೋತಿ ಇದೆ, ಸೊನ್ನೆ ಬಿಲ್ಲು. ಸರ್ಕಾರ ಕೆಳಗೆ ಬಿಟ್ಟಿ ಕೊಟ್ಟ ಯೂನಿಟ್ಟುಗಳೇ ಮೆಟ್ಟಿಲು ಹತ್ತಿ ಮೇಲೆ ಹೋಗಿ ಬಿಲ್ ಆಗಿ ಇಳಿಯುತ್ತಿದ್ದವು. ಒಂದೇ ಗೀಜರು, ಒಂದೇ ಬಕೆಟ್ ನೀರು, ಎರಡು ಲೆಕ್ಕ.

ವೈರು ಬೇರೆ ಮಾಡಿಸಿದೆ, ಹತ್ತು ನಿಮಿಷದ ಕೆಲಸ. ಕಟ್ಟಿದ ದುಡ್ಡು ವಾಪಸ್ ಕೊಡಿ ಅಂತ ಅರ್ಜಿ ಹಾಕಿದೆ. ಉತ್ತರ ಬಂತು: ಮೀಟರ್ ಸರಿಯಿದೆ, ಎರಡನೇ ಮೀಟರೂ ಸರಿಯಿದೆ ಅಂದಿದೆ, ಮನೆಯೊಳಗಿನ ವೈರಿಂಗ್ ಗ್ರಾಹಕರ ಜವಾಬ್ದಾರಿ. ಕಾನೂನು ಪ್ರಕಾರ ಅವರು ಹೇಳಿದ್ದು ಸರಿಯೇ. ಹಾಳಾಗಿಹೋಗಲಿ ಅಂತ ಬಿಟ್ಟೆ. ಷಡ್ಡಕನನ್ನು ಬಿಚ್ಚಿಕೊಂಡು ಹೋಗಲು ಮಾತ್ರ ಇನ್ನೂ ಯಾರೂ ಬಂದಿಲ್ಲ. ಮೂರು ತಿಂಗಳು ತುಂಬಬೇಕಂತೆ.

ಚಿಕ್ಕಪ್ಪ ಊರಿಗೆ ಹೊರಡುವ ಹಿಂದಿನ ಸಂಜೆ ಒಂದು ಜೋರು ಮಳೆ ಬಂತು, ಕರೆಂಟ್ ಹೋಯಿತು. ಸ್ಮಾರ್ಟ್ ಮೀಟರಿಗೆ ಒಂದು ದೊಡ್ಡ ಗುಣವಿದೆ. ಕರೆಂಟ್ ಹೋದ ಕೂಡಲೇ ಒಳಗೆ ಉಳಿದ ಚೂರು ಶಕ್ತಿಯಲ್ಲಿ ‘ನಾನು ಹೋದೆ’ ಅಂತ ಕೊನೆಯುಸಿರಿನ ಸುದ್ದಿ ಕಳಿಸುತ್ತದೆ. ಯಾವ ಬೀದಿಯಲ್ಲಿ ಕತ್ತಲಾಗಿದೆ ಅಂತ ಆಫೀಸಿಗೆ ತಕ್ಷಣ ಗೊತ್ತಾಗಲಿ ಅಂತ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. ಇಬ್ಬರೂ ಕ್ಯಾಂಡಲ್ ಹಚ್ಚಿಟ್ಟು ಕಾದೆವು. ಒಂದೂವರೆ ಗಂಟೆಯಾಯಿತು. ಕೊನೆಗೆ ನಾನೇ ಫೋನ್ ಮಾಡಿದೆ. ಎಂಟನೇ ಸಲಕ್ಕೆ ಎತ್ತಿದರು.

“ಯಾವ ಏರಿಯಾ ಸಾರ್?”

ಹೇಳಿದೆ.

“ಕರೆಂಟ್ ಹೋಗಿದ್ಯಾ ಸಾರ್ ಅಲ್ಲಿ?”

ಚಿಕ್ಕಪ್ಪ ಕಪ್ಪು ಕನ್ನಡಕ ತೆಗೆದು, ಕ್ಯಾಂಡಲ್ ಎತ್ತಿ ಹಿಡಿದು, ಮೆಟ್ಟಿಲ ಕಡೆ ನಡೆದರು.

“ತಡೀಲಾ, ನೋಡ್ಕಂಡ್ ಬತ್ತೀನಿ. ಪಾಪ, ಉಸ್ರು ಐತೋ ಇಲ್ವೋ.”