ಒತ್ತುವರಿ ಕಾಫಿ ತೋಟ: ಗುತ್ತಿಗೆಗೆ ಕೊಡಬೇಕೆ, ಬೇಡವೆ?

ಸರ್ಕಾರಿ ಕಂದಾಯ ಭೂಮಿಯಲ್ಲಿ 2005ರ ಜನವರಿ 1ಕ್ಕೂ ಮೊದಲೇ ಕಾಫಿ, ಮೆಣಸು, ಏಲಕ್ಕಿಯಂಥ ತೋಟದ ಬೆಳೆ ಹಾಕಿಕೊಂಡವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಬಹುದೆಂದು ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಮೂಡಿಗೆರೆ, ಕೊಪ್ಪ, ಸಕಲೇಶಪುರ, ಆಲೂರು ಕಡೆ ಇದರಷ್ಟು ಜನ ಮಾತಾಡುವ ಕಾನೂನು ಬೇರೆ ಇಲ್ಲ. ಆಸ್ತಿಗೆ ಬೆಲೆ ಇರಬೇಕು, ಕಾನೂನಿಗೆ ಮರ್ಯಾದೆ ಇರಬೇಕು, ಬಿಟ್ಟಿ ಕೊಡುಗೆ ಬೇಡ ಎನ್ನುವವರ ನಡುವೆಯೇ ಈ ಪ್ರಶ್ನೆಗೆ ಎರಡು ಉತ್ತರಗಳಿವೆ.

ಪರ: ಬಾಡಿಗೆ ಕಟ್ಟಿಸಿ, ಹೊಣೆ ಹೊರಿಸಿ

ತೋಟ ಅಲ್ಲಿದೆ. ವಾದ ಶುರುವಾಗಬೇಕಾದದ್ದು ಇಲ್ಲಿಂದ. ಆರು ಅಡಿಗೆ ಆರು ಅಡಿಯಂತೆ ನೆಟ್ಟ ಅರೇಬಿಕಾ ಎಕರೆಗೆ ಸುಮಾರು 1,200 ಗಿಡ, ಹತ್ತಕ್ಕೆ ಹತ್ತರ ರೋಬಸ್ಟಾ ಆದರೆ 430ರ ಆಸುಪಾಸು. ಮೇಲೆ ನೆರಳಿನ ಮರ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಇದನ್ನು ತೆರವು ಮಾಡಿಸುವುದೆಂದರೆ ಬೇಲಿ ಕಿತ್ತು ಬೋರ್ಡು ನೆಟ್ಟು ಬರುವುದಲ್ಲ. ಗಿಡ ಕಡಿದ ಜಾಗಕ್ಕೆ ಎರಡು ಮಳೆಗಾಲದಲ್ಲಿ ಲಂಟಾನ ಕಳೆ ತುಂಬುತ್ತದೆ, ಕಾಯುವವರಿಲ್ಲದ ಮರಕ್ಕೆ ರಾತ್ರೋರಾತ್ರಿ ಗರಗಸ ಬೀಳುತ್ತದೆ. ಒಬ್ಬ ಗ್ರಾಮ ಆಡಳಿತ ಅಧಿಕಾರಿಗೆ ಮೂರ್ನಾಲ್ಕು ಊರು ಹಂಚಿರುವ ಕಂದಾಯ ಇಲಾಖೆಯಿಂದ ಇದನ್ನು ಕಾಯಲು ಸಾಧ್ಯವೇ?

ಈಗಿನ ಅರೆಬರೆ ಸ್ಥಿತಿಯಿಂದ ಯಾರಿಗೆ ಲಾಭ ಎಂದು ನೋಡಿ. ಪಹಣಿಯ 9ನೇ ಕಲಂನಲ್ಲಿ, ಅಂದರೆ ಮಾಲೀಕರ ಹೆಸರಿನ ಜಾಗದಲ್ಲಿ, ‘ಸರ್ಕಾರ’, ಸಾಗುವಳಿ ಮಾಡುವವನು ಬೇರೊಬ್ಬ. ಪಹಣಿ ಇಲ್ಲದವನಿಗೆ ಬೆಳೆ ಸಾಲ ಇಲ್ಲ, ಮರುನಾಟಿ ಸಹಾಯಧನ ಕೇಳಲು ದಾಖಲೆ ಇಲ್ಲ, ಆನೆ ತುಳಿದ ತೋಟದ ಪರಿಹಾರಕ್ಕೆ ಅರ್ಜಿ ಹಾಕಿದರೂ ಮೊದಲು ಕೇಳುವುದು ಪಹಣಿಯನ್ನೇ. ಹೀಗಿದ್ದಾಗ ಅವನು ತೋಟವನ್ನು ತೋಟದಂತೆ ನೋಡುವುದಿಲ್ಲ. ಬಿಳಿ ಕಾಂಡಕೊರಕ ಹುಳು ಹೊಕ್ಕ ಗಿಡವನ್ನು ಹುಡುಕಿ, ಬೇರು ಸಹಿತ ಕಿತ್ತು ಸುಟ್ಟು, ಆ ಗುಂಡಿಗೆ ಹೊಸ ಸಸಿ ಇಟ್ಟರೆ ಮೊದಲ ಫಸಲಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ನಾಳೆ ನೋಟಿಸ್ ಬರಬಹುದಾದ ಜಾಗದಲ್ಲಿ ಯಾರು ಕಾಯುತ್ತಾರೆ? ಇದ್ದಷ್ಟು ಕೊಯ್ದುಕೊಂಡು, ನೆರಳು ತೆಳುಮಾಡಿ, ಬೆಳಕು ಬಿಟ್ಟು ಎರಡು ವರ್ಷ ಹೆಚ್ಚು ಕಾಯಿ ತೆಗೆಯುತ್ತಾರೆ. ನೆರಳು ತೆಳುವಾದಷ್ಟೂ ಕೊರಕ ಹೆಚ್ಚುತ್ತದೆ, ಅದರ ದುಂಬಿ ಮೊಟ್ಟೆ ಇಡುವುದೇ ಬಿಸಿಲು ಬೀಳುವ ಕಾಂಡದ ಮೇಲೆ. ಅಲ್ಲಿ ಎದ್ದ ದುಂಬಿ ಪಕ್ಕದ ಹಿಡುವಳಿ ತೋಟಕ್ಕೂ ಹಾರುತ್ತದೆ, ಪಹಣಿ ನೋಡಿ ಹಾರುವುದಿಲ್ಲ.

ಗುತ್ತಿಗೆ ಎಂದರೆ ಮಂಜೂರಾತಿ ಅಲ್ಲ. ಭೂಮಿ ಸರ್ಕಾರದ್ದಾಗಿಯೇ ಉಳಿಯುತ್ತದೆ, ಬಳಸುವವನು ಹಣ ಕಟ್ಟುತ್ತಾನೆ. ಇಷ್ಟು ವರ್ಷ ಒಂದು ಪೈಸೆ ಬಾಡಿಗೆ ಇಲ್ಲದೆ, ಬದಲಿಗೆ ಯಾರ್ಯಾರದೋ ಕೈ ಬಿಸಿ ಮಾಡಿಕೊಂಡು ನಡೆದದ್ದಕ್ಕಿಂತ ಇದು ಮೇಲು. 2024-25ರ ಹಂಗಾಮಿನಲ್ಲಿ ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ, ಅಂದರೆ ಅರೇಬಿಕಾ ಪಾರ್ಚ್‌ಮೆಂಟ್‌ನ 50 ಕೆ.ಜಿ. ಚೀಲ 20,000 ರೂಪಾಯಿ ದಾಟಿತು. ಆ ಫಸಲಿನಲ್ಲಿ ಖಜಾನೆಗೂ ಒಂದು ಪಾಲು ಬರಲಿ ಎನ್ನುವುದಕ್ಕೆ ಆರ್ಥಿಕ ಶಿಸ್ತಿನವರು ಯಾಕೆ ಅಡ್ಡ ಬರಬೇಕು?

ಆದರೆ ಮಾಡುವ ಕ್ರಮ ಸರಿಯಾಗಿರಬೇಕು. ಮೊದಲು ಕಂದಾಯ, ಅರಣ್ಯ ಎರಡೂ ಇಲಾಖೆಯವರು ಒಟ್ಟಿಗೆ ನಿಂತು ಜಂಟಿ ಸರ್ವೆ ಮಾಡಿ ಗಡಿ ಕಲ್ಲು ಹಾಕಬೇಕು. ಅರಣ್ಯದ ಗೆರೆಯೊಳಗೆ ಬಂದ ಒಂದು ಗುಂಟೆಯೂ ಗುತ್ತಿಗೆಗೆ ಹೋಗಕೂಡದು, ಅಲ್ಲಿ 1980ರ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬರುತ್ತದೆ, ರಾಜ್ಯ ಕೊಟ್ಟ ಕಾಗದ ನಿಲ್ಲುವುದಿಲ್ಲ. ಹಳ್ಳ, ದಾರಿ, ಸ್ಮಶಾನ ಇರುವ ಸಾರ್ವಜನಿಕ ಬಳಕೆಯ ಬಿ ಖರಾಬನ್ನು ನಕ್ಷೆಯಲ್ಲೇ ಬಿಡಿಸಿ ತೋರಿಸಬೇಕು. ಆಮೇಲೆ ಪೋಡಿ (ಅಳೆದು ಪ್ರತಿ ತುಂಡಿಗೂ ಬೇರೆ ನಕ್ಷೆ, ನಂಬರು ಮಾಡುವುದು), ಆಮೇಲೆ ಗುತ್ತಿಗೆ ಪತ್ರ, ಅದು ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಪೋಡಿಗೆ ಮೊದಲೇ ಪತ್ರ ಮಾಡಿಕೊಂಡರೆ ಮುಂದೆ ಇಬ್ಬರು ಗುತ್ತಿಗೆದಾರರು ಒಂದೇ ಇಳಿಜಾರಿಗೆ ಜಗಳಕ್ಕೆ ನಿಲ್ಲುತ್ತಾರೆ.

2005ಕ್ಕೆ ಮೊದಲೇ ತೋಟ ಇತ್ತೆಂದು ತೋರಿಸುವುದು ಇದರಲ್ಲಿ ಅತಿ ಕಷ್ಟದ ಕೆಲಸ. ಬಯಲುಸೀಮೆಯ ಬಗರ್ ಹುಕುಂ (ಮಂಜೂರಾತಿ ಇಲ್ಲದೆ ಮಾಡಿದ ಸಾಗುವಳಿ) ಅರ್ಜಿಗೆ ಉಪಗ್ರಹ ಚಿತ್ರ ಸಾಕು, ಉತ್ತ ನೆಲ ಬೇರೆ, ಬೀಳು ಬೇರೆ ಎಂದು ಕಾಣುತ್ತದೆ. ಮಲೆನಾಡಿನಲ್ಲಿ ನೆರಳಿನ ಕೆಳಗಿನ ಕಾಫಿಯೂ ಕಾಡೂ ಮೇಲಿಂದ ಒಂದೇ ಹಸಿರು. ಹಾಗಾಗಿ ನೆಲದ ಮೇಲಿನ ಸಾಕ್ಷಿ ಬೇಕು: ಬುಡದ ದಪ್ಪ, ಹಳೆಯ ಕಸಿಯ (ರೆಂಬೆ ಸವರಿದ) ಗಾಯ, ಹಾಲುವಾಣ, ಸಿಲ್ವರ್‌ಓಕ್ ಮರಗಳ ಸುತ್ತಳತೆ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನ ಹಳೆಯ ರಸೀದಿ. ಬುಡಕ್ಕೆ ಕತ್ತರಿಸಿ ಚಿಗುರಿಸಿದ ಗಿಡ ನೋಡಲು ಎಳೆಯದು, ಬೇರು ನಲವತ್ತು ವರ್ಷದ್ದಿರಬಹುದು. ಕಚೇರಿಯಲ್ಲಿ ಕೂತು ಇದನ್ನು ತೀರ್ಮಾನಿಸಲಾಗದು. ತೋಟಗಾರಿಕೆಯವರೋ ಕಾಫಿ ಮಂಡಳಿಯ ವಿಸ್ತರಣಾ ಸಿಬ್ಬಂದಿಯೋ ಜೊತೆಗಿರಲಿ.

ವಿರೋಧ: ಬೇಲಿಯೊಳಗೆ ಉಳಿದವನಿಗೆ ಏನು ಕೊಡುತ್ತೀರಿ?

ಒಂದೇ ಊರಿನ ಇಬ್ಬರನ್ನು ತೆಗೆದುಕೊಳ್ಳಿ. ಇಬ್ಬರಿಗೂ ಹಿರಿಯರಿಂದ ಬಂದ ಹತ್ತು ಹತ್ತು ಎಕರೆ, ಇಬ್ಬರ ಬೇಲಿಯಾಚೆಗೂ ಸರ್ಕಾರಿ ಬೀಳು. ಒಬ್ಬ ಪ್ರತಿ ಬೇಸಿಗೆ ಬೇಲಿಯನ್ನು ನಾಲ್ಕು ಮಾರು ಆಚೆ ಸರಿಸಿದ. ಇನ್ನೊಬ್ಬ, ಅದು ನಮ್ಮದಲ್ಲ ಎಂದು ಸುಮ್ಮನಿದ್ದ. ಈಗ ಮೊದಲಿನವನಿಗೆ 30 ವರ್ಷದ ಪತ್ರ. ಎರಡನೆಯವನಿಗೆ ಮನೆಯಲ್ಲಿ ಬೈಗುಳ. ಕಾಯ್ದೆ ಪಾಲಿಸಿದವನನ್ನು ದಡ್ಡನನ್ನಾಗಿ ಮಾಡುವ ಕಾಯ್ದೆಗೆ, ಕಾನೂನಿಗೆ ಮರ್ಯಾದೆ ಬೇಕೆನ್ನುವ ಸಂಪ್ರದಾಯವಾದಿಗಳು ಕೈ ಎತ್ತುವುದು ವಿಚಿತ್ರ. ಸರ್ಕಾರಿ ಜಮೀನು ಒತ್ತುವರಿ ಮಾಡಿದರೆ ಜೈಲು ಎಂದು ಬರೆದುಕೊಂಡಿರುವುದೂ ಇದೇ ಭೂಕಂದಾಯ ಕಾಯ್ದೆ.

ಇದೊಂದೇ ಸಲ ಎನ್ನುವ ಮಾತನ್ನು ನಂಬುವುದು ಕಷ್ಟ. ಒತ್ತುವರಿ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಹಾಕುವ ಅಕ್ರಮ-ಸಕ್ರಮದ ಅರ್ಜಿ ಫಾರಂ 50ಕ್ಕೆ, ಸಾಗುವಳಿ ಯಾವ ದಿನಕ್ಕೆ ಮೊದಲೇ ಇರಬೇಕೆಂಬ ಗಡುವು 1990ರ ಏಪ್ರಿಲ್ 14 ಇತ್ತು. ನಡುವೆ ಫಾರಂ 53 ಬಂತು. ಫಾರಂ 57ರ ಹೊತ್ತಿಗೆ ಗಡುವು 2005ರ ಜನವರಿ 1ಕ್ಕೆ ಜಾರಿತ್ತು. ಜಾರುವ ಗಡುವನ್ನು ನೋಡಿಕೊಂಡೇ ಬೇಲಿ ಜಾರಿಸುವವರು ಇದ್ದಾರೆ. 2006ರಲ್ಲಿ ಸಸಿ ನೆಟ್ಟವನು ಇವತ್ತು ಕಾಯುತ್ತಿರುವುದು ಇದೇ ಕಾಯ್ದೆಯ ಮುಂದಿನ ತಿದ್ದುಪಡಿಗೆ.

ಬಡವರ ಹೆಸರು ಹೇಳುವುದಂತೂ ಬೇಡ. ಬಡ ಸಾಗುವಳಿದಾರನಿಗೆ ಫಾರಂ 57 ಇದೆ. ಅಲ್ಲಿ ಅವನಿಗೆ ಈಗಿರುವ ಜಮೀನೂ ಸೇರಿ 4 ಎಕರೆ 38 ಗುಂಟೆಯ ಮಿತಿ, ಶಾಸಕರ ಅಧ್ಯಕ್ಷತೆಯ ಸಮಿತಿಯ ಮುಂದೆ ವರ್ಷಗಟ್ಟಲೆ ಅಲೆದಾಟ. ಈ ಗುತ್ತಿಗೆಯಲ್ಲಿ 25 ಎಕರೆ. ತೋಟದ ಬೆಳೆಗೆ ಭೂಸುಧಾರಣೆಯ ಮಿತಿಯೇ ಅನ್ವಯಿಸದು ಎಂಬ ವಿನಾಯಿತಿ ಮೊದಲಿಂದಲೂ ಇದೆ. ಅಂದರೆ ಕಾನೂನುಬದ್ಧವಾಗಿ ಎಷ್ಟು ಬೇಕಾದರೂ ತೋಟ ಇಟ್ಟುಕೊಳ್ಳಲು ಅವಕಾಶ ಇರುವವನೇ ಸರ್ಕಾರಿ ಜಾಗಕ್ಕೂ ಕೈ ಹಾಕಿದ್ದಾನೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಮೂರು ತಲೆಮಾರು ಕಳೆದ ಕೂಲಿಯವನಿಗೆ ನಿವೇಶನ ಕೊಡಿ ಎಂದರೆ ತಾಲ್ಲೂಕು ಕಚೇರಿ ‘ಜಾಗ ಇಲ್ಲ’ ಎನ್ನುತ್ತದೆ. ಜಾಗ ಎಲ್ಲಿ ಹೋಯಿತು ಎಂದು ಹೇಳಬೇಕಿಲ್ಲವಷ್ಟೆ.

ಹೋದ ಜಾಗದಲ್ಲಿ ಗೋಮಾಳವೂ ಇದೆ. ನೂರು ರಾಸಿಗೆ 30 ಎಕರೆ ಗೋಮಾಳ ಉಳಿಸಬೇಕೆಂದು ಭೂಕಂದಾಯ ನಿಯಮ ಹೇಳುತ್ತದೆ. ಮೇವಿನ ಜಾಗ ಹೋದ ಮೇಲೆ ದನ ಮಾರಿದರು, ದನ ಕಡಿಮೆಯಾದದ್ದರಿಂದ ಗೋಮಾಳ ‘ಹೆಚ್ಚುವರಿ’ ಎಂದು ಬರೆದರು! ಹೇಮಾವತಿ ಹುಟ್ಟುವ ಮೂಡಿಗೆರೆ ತಾಲ್ಲೂಕಿನಲ್ಲಿ ಹಳ್ಳದ ದಂಡೆಯವರೆಗೂ ಕಾಫಿ ಇಳಿದಿದೆ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಅದೇ ಹಳ್ಳಕ್ಕೆ ಮೋಟಾರು ಇಟ್ಟು ಸ್ಪ್ರಿಂಕ್ಲರ್ ಓಡಿಸುತ್ತಾರೆ, ಕೆಳಗಿನ ಗದ್ದೆಯವನು ಆಕಾಶ ನೋಡುತ್ತಾನೆ. ಜಂಟಿ ಸರ್ವೆಯಲ್ಲಿ ಬಿ ಖರಾಬು ಬಿಡಿಸುತ್ತೇವೆ ಎನ್ನುವುದು ಕೇಳಲು ಚೆನ್ನ. ಬಿಡಿಸಿದ ಹಳ್ಳದಂಚಿನ ಗಿಡ ಕೀಳುವವರು ಯಾರು ಎಂದು ಪರ ವಾದದಲ್ಲಿ ಒಂದು ಸಾಲೂ ಇಲ್ಲ.

ಗುತ್ತಿಗೆ ಬಂದರೆ ತೋಟ ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬ ಲೆಕ್ಕ ಮೊದಲ ಇಪ್ಪತ್ತೆರಡು ವರ್ಷಕ್ಕೆ ಮಾತ್ರ ಸರಿ. ಅರೇಬಿಕಾ ಗಿಡ ಪೂರ್ತಿ ಫಸಲಿಗೆ ಬರಲು ಆರೇಳು ವರ್ಷ ಬೇಕು. ಅವಧಿ ಮುಗಿಯಲು ಎಂಟು ವರ್ಷ ಇದೆ ಎನ್ನುವಾಗ ಯಾರೂ ಮರುನಾಟಿ ಮಾಡುವುದಿಲ್ಲ, ಗೊಬ್ಬರ ಕಡಿಮೆ ಮಾಡುತ್ತಾರೆ, ಮರದ ಮೇಲೆ ಕಣ್ಣಿಡುತ್ತಾರೆ. ನೆರಳಿನ ಬೀಟೆ, ಹೊನ್ನೆ, ಹಲಸು ಸರ್ಕಾರದ ಸೊತ್ತು. ಇವತ್ತೇ ಪ್ರತಿ ಮರಕ್ಕೂ ಸಂಖ್ಯೆ ಹೊಡೆದು, ಜಾತಿ, ಸುತ್ತಳತೆ ಬರೆದು ಪತ್ರಕ್ಕೆ ಲಗತ್ತಿಸದಿದ್ದರೆ 30 ವರ್ಷದ ಮೇಲೆ ಲೆಕ್ಕ ಕೇಳಲು ಆಧಾರವೇ ಇರದು. ಅಥವಾ ಅವಧಿಯೇ ಮುಗಿಯುವುದಿಲ್ಲ, ನವೀಕರಣ ಆಗುತ್ತಲೇ ಹೋಗುತ್ತದೆ. ಆಗ ಅದನ್ನು ಮಾಲೀಕತ್ವ ಎಂದೇ ಕರೆಯಬಹುದಿತ್ತು.

ಕಡತದ ಕಷ್ಟವೂ ಸಣ್ಣದಲ್ಲ. ಎಷ್ಟೋ ಸರ್ವೆ ನಂಬರಿನಲ್ಲಿ ಮೂಲ ಅಳತೆಯ ದಾಖಲೆಯಾದ ಆಕಾರ್‌ಬಂದ್ ಹೇಳುವ ವಿಸ್ತೀರ್ಣಕ್ಕಿಂತ ಪಹಣಿಗಳ ಮೊತ್ತವೇ ಹೆಚ್ಚು. ಇನ್ನೂರು ಎಕರೆಯ ನಂಬರಿನಲ್ಲಿ ಇನ್ನೂರೈವತ್ತು ಎಕರೆಗೆ ಸಾಗುವಳಿ ಚೀಟಿ (ಮಂಜೂರಾತಿ ಪತ್ರ) ಇದ್ದರೆ ಆಶ್ಚರ್ಯಪಡಬೇಡಿ. ಅದರ ಮೇಲೆ ಗುತ್ತಿಗೆ ಪತ್ರಗಳನ್ನೂ ಕೂರಿಸಿದರೆ ಹಳೆಯ ಮಂಜೂರಾತಿದಾರನ ಪೋಡಿ ಇನ್ನಷ್ಟು ಹಿಂದೆ ಬೀಳುತ್ತದೆ. ಚೀಟಿ ಇದ್ದೂ ಇಪ್ಪತ್ತು ವರ್ಷದಿಂದ ಪೋಡಿ ದುರಸ್ತಿ ಆಗದೆ ಕೂತವನು ಅವನು.

ಎಲ್ಲವನ್ನೂ ನಾಳೆಯೇ ಜೆಸಿಬಿ ತಂದು ಕೀಳಿ ಎಂದು ಯಾರೂ ಹೇಳುತ್ತಿಲ್ಲ. ಫಾರಂ 57ರ ಮಿತಿಯೊಳಗಿನವರ ಅರ್ಜಿ ಮೊದಲು ಮುಗಿಸಿ. ಅದಕ್ಕಿಂತ ಮೇಲಿನದನ್ನು ಸರ್ಕಾರ ವಶಕ್ಕೆ ಪಡೆದು, ಕೆರೆಯ ಮೀನು ಹರಾಜು ಹಾಕಿದಂತೆ, ಫಸಲನ್ನು ಮೂರು ವರ್ಷಕ್ಕೊಮ್ಮೆ ಬಹಿರಂಗ ಹರಾಜಿಗೆ ಇಡಲಿ. ಈಗ ಸಾಗುವಳಿ ಮಾಡುತ್ತಿರುವವನೂ ಕೂಗಲಿ, ಬೇಲಿ ದಾಟದೆ ಸುಮ್ಮನಿದ್ದ ಪಕ್ಕದವನೂ ಕೂಗಲಿ. ಬಂದ ಹಣದಲ್ಲಿ ಒಂದು ಪಾಲು ಗ್ರಾಮ ಪಂಚಾಯಿತಿಗೆ ಹೋದರೆ, ಗಡಿ ಕಲ್ಲು ಕಿತ್ತ ದಿನವೇ ಊರಿನವರು ದೂರು ಕೊಡುತ್ತಾರೆ.